ತಾರೀಕು ಬರೆದ ಚೀಟಿ

ಜನವರಿ ೯

ನಾದಿನಿಗೆ,

ನೀನು ಕ್ಷೇಮವಾಗಿರಬಹುದೆಂದು ಬರೆದು ಶುರು ಮಾಡಲಾರೆ. ಕ್ಷೇಮವಾಗಿಲ್ಲವೆಂದು ಈಗಷ್ಟೇ ಓದಿದ್ದೇನೆ.

ನಿಮ್ಮಣ್ಣ ಹೋದ ಮೇಲೆ ನೀನು ಬರೆದ ಹನ್ನೊಂದು ಕಾಗದಗಳೂ ಅಂಗಡಿಯ ಡ್ರಾಯರಿನಲ್ಲಿದ್ದವು. ಒಂದನ್ನೂ ಒಡೆದಿರಲಿಲ್ಲ. ಕೋಪವಿತ್ತು, ಸುಳ್ಳು ಹೇಳುವುದಿಲ್ಲ. ಒಡಹುಟ್ಟಿದವನ ಮುಖವನ್ನು ಕೊನೆಯ ಸಲ ನೋಡಲು ಬಾರದವಳ ಕಾಗದ ಓದಿ ಏನಾಗಬೇಕಾಗಿದೆ ಎಂದುಕೊಂಡಿದ್ದೆ. ನಿನ್ನೆ ಪೋಸ್ಟಿನವನು ಹನ್ನೊಂದನೆಯದನ್ನು ಕೊಡುವಾಗ, ಮೂಲೆ ಒದ್ದೆಯಾಗಿದೆ, ತೆಗೆದು ಒಣಗಿಸಿ ಎಂದ. ಒಣಗಿಸಲೆಂದು ತೆಗೆದೆ. ತೆಗೆಯುವ ಮೊದಲು ಹನ್ನೊಂದನ್ನೂ ಸೇರಿಸಿ ಅವರ ಚಿನ್ನ ತೂಗುವ ತಕ್ಕಡಿಯಲ್ಲಿಟ್ಟೆ. ಯಾಕೆಂದು ಕೇಳಬೇಡ, ಈ ತಕ್ಕಡಿ ರಿಪೇರಿ ಅಂಗಡಿಯಲ್ಲಿ ಇಪ್ಪತ್ತಾರು ವರ್ಷ ಕೂತವಳ ಕೈ ಹಾಗೆಯೇ ಹೋಗುತ್ತದೆ. ಇನ್ನೂರ ಅರವತ್ತನಾಲ್ಕು ಗ್ರಾಂ. ಹುಟ್ಟಿದಾಗ ನೀನು ಅಂಗೈಯಷ್ಟಿದ್ದೆಯೆಂದು ಅವರು ನಿನ್ನನ್ನು ಕಾಲುಕೇಜಿ ಎಂದು ಕರೆಯುತ್ತಿದ್ದರಲ್ಲ, ಅದಕ್ಕಿಂತ ಹದಿನಾಲ್ಕು ಗ್ರಾಂ ಹೆಚ್ಚು.

ಆಮೇಲೆ ಕೂತು ಎಲ್ಲವನ್ನೂ ಓದಿದೆ. ಹೋಟೆಲಿನ ಲಾಂಡ್ರಿಯಲ್ಲಿ ದಿನಕ್ಕೆ ಹತ್ತು ಗಂಟೆ ನಿಂತು ಹಾಸಿಗೆ ಬಟ್ಟೆ ಇಸ್ತ್ರಿ ಮಾಡಿ ನಿನ್ನ ಎರಡೂ ಮಂಡಿ ಸವೆದಿವೆ. ಎರಡನ್ನೂ ಬದಲಾಯಿಸಬೇಕು, ಒಂದಾದ ಮೂರು ತಿಂಗಳಿಗೆ ಇನ್ನೊಂದು. ನೋಡಿಕೊಳ್ಳಲು ಮನೆಯಲ್ಲಿ ಯಾರಿದ್ದಾರೆಂದು ಡಾಕ್ಟರು ಕೇಳಿದ್ದಕ್ಕೆ ನೀನು ಯಾರೂ ಇಲ್ಲ ಎಂದೆ, ಅವರು ಹಾಗಾದರೆ ಈಗ ಬೇಡ ಎಂದರು. ಇಷ್ಟನ್ನು ಏಳನೆಯ ಕಾಗದದಲ್ಲಿ ಎರಡೇ ಸಾಲಿನಲ್ಲಿ ಬರೆದು, ಮಿಕ್ಕ ಪುಟದ ತುಂಬ ಅಲ್ಲಿನ ಹವೆಯ ವಿಷಯ ಬರೆದಿದ್ದೀಯ.

ನಾನು ಬರುತ್ತೇನೆ. ಬೇಡವೆಂದು ಬರೆಯಬೇಡ. ಪೇಟೆಯಲ್ಲಿ ಜೆರಾಕ್ಸ್ ಅಂಗಡಿಯ ಮೇಲೆ ಒಬ್ಬ ವೀಸಾ ಏಜೆಂಟ್ ಇದ್ದಾನೆ, ಅವನ ಹತ್ತಿರ ಹೋಗಿ ಬಂದೆ. ಪ್ರವಾಸಿ ವೀಸಾದಲ್ಲಿ ತೊಂಬತ್ತು ದಿನ ಇರಬಹುದಂತೆ. ಅಲ್ಲಿಗೆ ಬಂದ ಮೇಲೆ ಒಂದು ಸಲ ಮಾತ್ರ ಇನ್ನು ತೊಂಬತ್ತು ದಿನ ಕೇಳಬಹುದಂತೆ. ಎರಡು ಮಂಡಿಗೆ ಲೆಕ್ಕ ಸರಿಹೋಗುತ್ತದೆ. ನೀನು ಕಳಿಸಬೇಕಾದದ್ದು: ಕರೆಯೋಲೆ, ಮನೆಯ ಬಾಡಿಗೆ ಪತ್ರ, ನಿನ್ನ ಸಂಬಳದ ಚೀಟಿ, ಡಾಕ್ಟರ ಪತ್ರ, ನಿನ್ನ ವಾಸದ ಕಾರ್ಡಿನ ಪ್ರತಿ.

ಫೋನ್ ಮಾಡಬೇಡ. ಫೋನಿನಲ್ಲಿ ನನಗೆ ಮಾತು ಹೊರಡುವುದಿಲ್ಲ.

ಇತಿ,
ಅತ್ತಿಗೆ


ಜನವರಿ ೨೮

ಅತ್ತಿಗೆಗೆ ನಮಸ್ಕಾರಗಳು.

ಲಕೋಟೆಯ ಮೇಲೆ ನಿಮ್ಮ ಅಕ್ಷರ ನೋಡಿ ಲಾಂಡ್ರಿಯ ಮೆಟ್ಟಿಲ ಮೇಲೆಯೇ ಕೂತುಬಿಟ್ಟೆ. ಮೇಲ್ವಿಚಾರಕಿ ಮಂಡಿ ನೋವೆಂದುಕೊಂಡು ನೀರು ತಂದುಕೊಟ್ಟಳು.

ಕೇಳಿದ ಕಾಗದಗಳನ್ನು ಇದರ ಜೊತೆ ಇಟ್ಟಿದ್ದೇನೆ. ನನ್ನ ಕೋಣೆಯ ಫೋಟೋ ಕೂಡ ಇದೆ. ಕಿಟಕಿಯ ಪಕ್ಕದ ಮಂಚ ನಿಮಗೆ. ಕಿಟಕಿಯಿಂದ ಟ್ರಾಮ್ ನಿಲ್ಲುವ ಜಾಗ ಕಾಣುತ್ತದೆ, ಬೇರೇನೂ ಕಾಣುವುದಿಲ್ಲ. ನಾಲ್ಕನೆಯ ಮಹಡಿ, ಲಿಫ್ಟ್ ಇಲ್ಲ. ನಾನು ಹತ್ತುವಾಗ ಕೆಳಗಿನ ಮನೆಯ ಮುದುಕ ಬಾಗಿಲು ತೆರೆದು ಎಷ್ಟು ನಿಮಿಷವಾಯಿತೆಂದು ಎಣಿಸುತ್ತಾನೆ. ನಿನ್ನೆ ಗಡಿಯಾರ ನೋಡಿ, “ಇವತ್ತು ಎರಡು ನಿಮಿಷ ತಡ” ಎಂದ.

ನಿಜವಾಗಿಯೂ ಬರುತ್ತೀರಾ?

ನಿಮ್ಮ ನಾದಿನಿ


ಫೆಬ್ರವರಿ ೧೭

ನಾದಿನಿಗೆ,

ಬೇರೆಲ್ಲವೂ ಬಂದವು. ವಾಸದ ಕಾರ್ಡಿನ ಪ್ರತಿ ಬರಲಿಲ್ಲ. ಮರೆತಿರಬೇಕೆಂದುಕೊಂಡು ಏಜೆಂಟನಿಗೆ ಮಿಕ್ಕದ್ದನ್ನು ತೋರಿಸಿದೆ. ಅವನು ಒಂದೊಂದಾಗಿ ಮಗುಚಿ ಹಾಕಿ, ಕಾರ್ಡಿಲ್ಲದೆ ಕರೆಯೋಲೆಗೆ ಬೆಲೆಯಿಲ್ಲ ಎಂದ. ಆಮೇಲೆ ಬೇರೆ ದಾರಿ ಹೇಳಿಕೊಟ್ಟ. ಫಾರಮ್ಮಿನಲ್ಲಿ ಒಂದು ಪ್ರಶ್ನೆಯಿದೆ, ಆ ದೇಶದಲ್ಲಿ ನಿಮ್ಮ ಸಂಬಂಧಿಕರು ಇದ್ದಾರೆಯೇ ಎಂದು.

“ಇಲ್ಲ ಅಂತ ಬರೀರಿ ಅಮ್ಮ. ಹೋಟೆಲ್ ಬುಕ್ ಮಾಡಿಸ್ತೀನಿ, ವೀಸಾ ಆದ ಮೇಲೆ ಅದನ್ನ ಕ್ಯಾನ್ಸಲ್ ಮಾಡಿಸೋಣ. ಎಲ್ಲರೂ ಮಾಡೋದೇ.”

“ಇರೋಳನ್ನ ಇಲ್ಲ ಅಂತ ಹೇಗಪ್ಪ ಬರೀಲಿ?”

“ನೀವೇನು ತಕ್ಕಡೀಲಿ ತೂಗಿ ಬರೀತೀರಾ?” ಎಂದು ನಕ್ಕ. ನನ್ನ ಕಸುಬು ಅವನಿಗೆ ಗೊತ್ತಿಲ್ಲ. ನಾನು ಹೇಳಲೂ ಇಲ್ಲ. ಕಾಗದ ಎತ್ತಿಕೊಂಡು ಬಂದೆ.

ಹನ್ನೊಂದು ತಿಂಗಳು ನಿನ್ನನ್ನು ಇಲ್ಲವೆಂದೇ ಇಟ್ಟವಳು ನಾನು. ಈಗ ಬರಹದಲ್ಲೂ ಹಾಗೆಯೇ ಮಾಡಲಾರೆ. ಕಾರ್ಡಿನ ಪ್ರತಿ ಕಳಿಸು.

ಅತ್ತಿಗೆ


ಮಾರ್ಚ್ ೪

ಅತ್ತಿಗೆ,

ಡಾಕ್ಟರ ಪತ್ರವನ್ನು ದೊಡ್ಡ ಅಕ್ಷರದಲ್ಲಿ ಮತ್ತೆ ಬರೆಸಿ ಕಳಿಸಿದ್ದೇನೆ. ಅದು ಸಾಕಾಗಬಹುದು. ಸಾಕಾಗದಿದ್ದರೆ ತೊಂದರೆ ತೆಗೆದುಕೊಳ್ಳಬೇಡಿ. ಇಲ್ಲಿ ಚಳಿ ಕಡಿಮೆಯಾಗಿದೆ, ಮಂಡಿಯೂ ಅಷ್ಟು ನೋಯುವುದಿಲ್ಲ.

ನಿಮ್ಮ ನಾದಿನಿ


ಮಾರ್ಚ್ ೧೯

ನಾದಿನಿಗೆ,

ಮೂರನೆಯ ಸಲ ಕೇಳುತ್ತಿದ್ದೇನೆ. ನಾಲ್ಕನೆಯ ಸಲ ಕೇಳುವುದಿಲ್ಲ. ಕಾರ್ಡು ಎಲ್ಲಿ?

ಅತ್ತಿಗೆ


ಏಪ್ರಿಲ್ ೨

ಅತ್ತಿಗೆ,

ಕಾರ್ಡು ಇಲ್ಲ. ಯಾವತ್ತೂ ಇರಲಿಲ್ಲ.

ಆರು ವರ್ಷದ ಹಿಂದೆ ನಾನೂ ಇಲ್ಲಿಗೆ ಪ್ರವಾಸಿಯಾಗಿಯೇ ಬಂದೆ, ಮೂರು ತಿಂಗಳಿಗೆ. ಲಾಂಡ್ರಿಯವರು ಕೆಲಸ ಕೊಡುತ್ತೇವೆಂದರು, ಅವರೇ ಬರೆದುಕೊಟ್ಟರು, ನಾನು ಕಾರ್ಡಿಗೆ ಅರ್ಜಿ ಹಾಕಿದೆ. ಅರ್ಜಿ ತೆಗೆದುಕೊಂಡು ಒಂದು ರಸೀದಿ ಕೊಟ್ಟರು. ತೀರ್ಮಾನವಾಗುವ ತನಕ ಇರಬಹುದು, ದುಡಿಯಬಹುದು ಎಂದು ಅದರಲ್ಲಿದೆ. ಯಾವತ್ತು ತೀರ್ಮಾನ ಎಂದು ಇಲ್ಲ. ಆರು ವರ್ಷದಿಂದ ಆ ರಸೀದಿಯೇ ನನ್ನ ಕಾರ್ಡು. ಮಡಿಕೆಯಲ್ಲಿ ಹರಿದು ಎರಡು ಸಲ ಅಂಟಿಸಿದ್ದೇನೆ.

ಅಣ್ಣನ ಸುದ್ದಿ ಬಂದಾಗ ಚೀಲಕ್ಕೆ ಬಟ್ಟೆ ತುಂಬಿಕೊಂಡೇ ರಸೀದಿ ಕೊಟ್ಟ ಕಚೇರಿಗೆ ಹೋದೆ. ಹೋಗಿ ಬರಬಹುದೇ ಎಂದು ಕೇಳಿದೆ. ಕೌಂಟರಿನ ಹೆಂಗಸು ಕಂಪ್ಯೂಟರ್ ನೋಡಿ, “ಹೋಗಬಹುದು” ಎಂದಳು. ವಾಪಸ್ ಬರುವುದು? “ಅದರ ಬಗ್ಗೆ ನಾನೇನೂ ಹೇಳೋಕಾಗಲ್ಲ.” ಒಳ್ಳೆಯವಳೇ, ಗದರಲಿಲ್ಲ. ನಾನು ಚೀಲ ತೊಡೆಯ ಮೇಲಿಟ್ಟುಕೊಂಡು ಕಚೇರಿ ಮುಚ್ಚುವ ತನಕ ಬೆಂಚಿನ ಮೇಲೆ ಕೂತಿದ್ದೆ. ಆಮೇಲೆ ಎದ್ದು ಮನೆಗೆ ಹೋದೆ. ಈ ಮನೆಗೆ.

ತಂಗಿಗೆ ಅಲ್ಲಿ ಕಾಯಂ ಆಗಿದೆ ಎಂದು ಅಣ್ಣ ಪೇಟೆಯೆಲ್ಲ ಹೇಳಿಕೊಂಡಿದ್ದ. ಅವನಿಗೂ ಹೇಳಿರಲಿಲ್ಲ. ನೀವು ಬಯ್ಯಿರಿ. ಬಯ್ದು ಬರೆದರೂ ಬರೆಯಿರಿ.

ನಿಮ್ಮ ನಾದಿನಿ


ಏಪ್ರಿಲ್ ೩೦

ಕಾಲುಕೇಜಿಗೆ,

ಬಯ್ಯುವುದಿಲ್ಲ. ನಿನ್ನ ಕಾಗದ ಓದಿದ ದಿನ ಅಂಗಡಿಯ ದಿನಚರಿ ಪುಸ್ತಕದಲ್ಲಿ ಬರೆಯಲು ಕೂತೆ, ತಾರೀಕು ಬಿಟ್ಟು ಬೇರೇನೂ ಬರಲಿಲ್ಲ. ಬೆಂಚಿನ ಮೇಲೆ ಚೀಲ ಹಿಡಿದು ಕೂತವಳು ನನ್ನ ಕಣ್ಣೆದುರಿಗೇ ಇದ್ದಳು. ನಾನು ಅವತ್ತು ಇಲ್ಲಿ ನಿನ್ನನ್ನು ಶಪಿಸುತ್ತ ಕೂತಿದ್ದೆ. ಇಷ್ಟು ಬರೆದರೆ ಸಾಕು.

ಅರ್ಜಿ ಹಾಕಿದೆ. ಏಜೆಂಟನಿಲ್ಲದೆ ನಾನೇ ತುಂಬಿದೆ. ಸಂಬಂಧಿಕರಿದ್ದಾರೆಯೇ ಎನ್ನುವಲ್ಲಿ ನಿನ್ನ ಹೆಸರು ಬರೆದೆ, ನಿನ್ನ ಹತ್ತಿರ ಕಾರ್ಡಿಲ್ಲ, ರಸೀದಿಯಿದೆ ಎಂದೂ ಬರೆದೆ. ಹೋದ ವಾರ ಸಂದರ್ಶನಕ್ಕೆ ಕರೆದರು. ಗಾಜಿನ ಆಚೆ ಕನ್ನಡಕದ ಒಬ್ಬ ಅಧಿಕಾರಿ, ಈಚೆ ನಾನು, ಪಕ್ಕದಲ್ಲಿ ಮಾತು ದಾಟಿಸುವ ಹುಡುಗಿ. ಪ್ರವಾಸಿಗಳು ಹದಿನೈದು ದಿನ ಬಂದು ಹೋಗುತ್ತಾರೆ, ನಿಮಗೆ ಆರು ತಿಂಗಳು ಯಾಕೆ ಎಂದು ಕೇಳಿದ. ಮಂಡಿಗೆ ಮೂರು ತಿಂಗಳು, ಎರಡು ಮಂಡಿ ಎಂದೆ. ಅವನು ಸ್ವಲ್ಪ ನಕ್ಕ. ನಿಮ್ಮ ನಾದಿನಿಯೂ ಮೂರು ತಿಂಗಳಿಗೆಂದೇ ಬಂದವರು ಎಂದ. ಹೌದು ಎಂದೆ. ಗಂಡ? ಇಲ್ಲ. ಮಕ್ಕಳು? ಇಲ್ಲ. ಅಂಗಡಿ? ಗಂಡನದು, ಅವರು ಹೋದ ಮೇಲೆ ಅರ್ಧ ಬಾಗಿಲು ಹಾಕಿದೆ ಎಂದೆ. ಅವನು ಪೆನ್ನು ಕೆಳಗಿಟ್ಟ. ಆ ಹುಡುಗಿ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದಳು:

“ಮತ್ತೆ ನೀವು ಯಾವುದಕ್ಕೋಸ್ಕರ ವಾಪಸ್ ಬರ್ತೀರಿ ಅಂತ ಕೇಳ್ತಿದಾರೆ ಅಮ್ಮ.”

ನಾನು ಬಾಯಿ ತೆರೆದೆ. ಏನೂ ಬರಲಿಲ್ಲ. ಅವರಿಬ್ಬರೂ ಕಾದರು. ಗೋಡೆಯ ಗಡಿಯಾರ ಕಾಣುತ್ತಿತ್ತು, ಒಂದು ನಿಮಿಷಕ್ಕಿಂತ ಹೆಚ್ಚೇ ಕಾದರು.

ಮೂರನೆಯ ದಿನ ಪಾಸ್‌ಪೋರ್ಟ್ ವಾಪಸ್ ಬಂತು. ಜೊತೆಗೆ ಅಚ್ಚಿನ ಕಾಗದ. ಅರ್ಜಿದಾರರು ಹಿಂದಿರುಗುತ್ತಾರೆಂಬುದಕ್ಕೆ ಸಾಕಷ್ಟು ಆಧಾರವಿಲ್ಲ ಎನ್ನುವ ಸಾಲಿಗೆ ಗುರುತು ಹಾಕಿದ್ದರು.

ನಿನಗೊಬ್ಬಳಿಗೆ ಹೇಳುತ್ತೇನೆ. ಅವನು ತಪ್ಪು ತೂಗಲಿಲ್ಲ. ವಾಪಸ್ ಬರುವುದನ್ನು ನಾನು ಯೋಚಿಸಿಯೇ ಇರಲಿಲ್ಲ. ಬರುವುದಿಲ್ಲ ಎಂದೂ ಅಂದುಕೊಂಡಿರಲಿಲ್ಲ. ಆರು ತಿಂಗಳ ಆಚೆಗೆ ಏನಿದೆ ಎಂದು ನೋಡಿದರೆ ನನಗೆ ಏನೂ ಕಾಣುತ್ತಿರಲಿಲ್ಲ, ಅಷ್ಟೆ.

ಮತ್ತೆ ಅರ್ಜಿ ಹಾಕುತ್ತೇನೆ.

ಅತ್ತಿಗೆ


ಮೇ ೧೪

ಅತ್ತಿಗೆ,

ಬೇಡ, ಬಿಡಿ. ನೀವು ನನ್ನ ಹೆಸರು ಬರೆಯದಿದ್ದರೆ ಕೊಡುತ್ತಿದ್ದರು. ಬರೆದಿರಿ. ಬರೆದಿರಲ್ಲ ಎಂದು ಎರಡು ದಿನ ಇಸ್ತ್ರಿಪೆಟ್ಟಿಗೆಯ ಮುಂದೆ ಅತ್ತೆ. ಹಾಸಿಗೆ ಬಟ್ಟೆಗೆ ಬೇರೆ ನೀರು ಚಿಮುಕಿಸುವುದು ಬೇಕಾಗಲಿಲ್ಲ.

ಡಾಕ್ಟರಿಗೆ ಈ ವರ್ಷ ಆಗುವುದಿಲ್ಲ ಎಂದು ಹೇಳಲು ಹೋಗಿದ್ದೆ. ಜುಲೈ ಕೊನೆಯ ತನಕ ಆಸ್ಪತ್ರೆಯ ಹಾಸಿಗೆ ಕಾದಿರಿಸುತ್ತೇನೆ, ಆಮೇಲೆ ಬೇರೆಯವರಿಗೆ ಕೊಡುತ್ತೇನೆ, ಎಡಗಾಲಿನದು ಇನ್ನೊಂದು ವರ್ಷ ತಡೆಯುವುದಿಲ್ಲ ಎಂದರು. ಕೆಳಗಿನ ಮುದುಕ ಈಗ ಎಣಿಸುವುದನ್ನು ಬಿಟ್ಟಿದ್ದಾನೆ. ಸುಮ್ಮನೆ ಬಾಗಿಲಲ್ಲಿ ನಿಂತಿರುತ್ತಾನೆ. ಅದು ಇನ್ನೂ ಕಷ್ಟ.

ಕಾಲುಕೇಜಿ


ಜೂನ್ ೨೬

ಕಾಲುಕೇಜಿಗೆ,

ಇದು ಉದ್ದದ ಕಾಗದ. ಕೂತು ಓದು, ನಿಂತು ಓದಬೇಡ.

ಮೇ ತಿಂಗಳಲ್ಲಿ ಅಂಗಡಿಯ ಪೂರ್ತಿ ಬಾಗಿಲು ತೆಗೆದೆ. ತಕ್ಕಡಿ ರಿಪೇರಿಯ ಲೈಸೆನ್ಸನ್ನು ನನ್ನ ಹೆಸರಿಗೆ ಮಾಡಿಸಿಕೊಂಡೆ. ಪರೀಕ್ಷೆಗೆ ಬಂದ ಇನ್‌ಸ್ಪೆಕ್ಟರು ಸವೆದ ಐದು ಕಿಲೋ ತೂಕದ ಬಟ್ಟನ್ನು ಮುಂದಿಟ್ಟು ಸರಿಮಾಡಿ ಎಂದರು. ತಳದ ತೂತಿಗೆ ಸೀಸ ತುಂಬಿ, ಅರದಿಂದ ಉಜ್ಜಿ, ತಕ್ಕಡಿಯ ಮುಳ್ಳು ನಡುವಿಗೆ ಬರುವ ತನಕ ತೂಗಿ ಕೊಟ್ಟೆ. ಇದನ್ನು ಯಾರು ಕಲಿಸಿದರು ಎಂದು ಕೇಳಿದರು. ಯಾರೂ ಕಲಿಸಲಿಲ್ಲ, ಪಕ್ಕದಲ್ಲಿ ಕೂತಿದ್ದೆ ಎಂದೆ.

ನನಗೆ ವೀಸಾ ಸಿಗದ ಸುದ್ದಿ ಪೇಟೆಗೆಲ್ಲ ಗೊತ್ತಾಗಿತ್ತು. ಯಾಕೆ ಸಿಗಲಿಲ್ಲ ಎಂದು ಹಳೇ ಪೇಪರಿನವನು ಬಂದು ಕೇಳಿದ. ವಾಪಸ್ ಬರೋದಕ್ಕೆ ಏನೂ ಆಧಾರ ಇಲ್ಲವಂತೆ ಎಂದೆ. ಅವನು ಹೊರಟುಹೋದ. ಮಾರನೆಯ ದಿನ ತನ್ನ ದೊಡ್ಡ ತಕ್ಕಡಿಯನ್ನು ಗಾಡಿಯ ಮೇಲೆ ತಂದಿಳಿಸಿದ.

“ದಂಡ ಬಗ್ಗಿದೆ ಅಕ್ಕ. ಅರ್ಜೆಂಟಿಲ್ಲ. ಜನವರಿ ಮುದ್ರೆ ಹಾಕ್ಸೋ ಹೊತ್ತಿಗೆ ಕೊಡಿ.”

ವರ್ಷಕ್ಕೊಮ್ಮೆ ಜನವರಿಯಲ್ಲಿ ಎಲ್ಲರ ತಕ್ಕಡಿಗೂ ಸರ್ಕಾರದ ಮುದ್ರೆ ಆಗಬೇಕಲ್ಲ, ಅದರ ಮಾತು. ಈಗ ಎಲ್ಲರ ಹತ್ತಿರವೂ ಕರೆಂಟಿನ ತಕ್ಕಡಿ ಇದೆ, ಕರೆಂಟು ಹೋದಾಗ ಮಾತ್ರ ಹಳೆಯದು ಬೇಕು. ಅವನ ಹಿಂದೆ ಮೀನಿನವಳು ತಂದಳು, ಆಮೇಲೆ ಗುಜರಿಯವರು, ಅಕ್ಕಸಾಲಿಗರು. ಎಲ್ಲರದೂ ಒಂದೇ ಮಾತು, ಅರ್ಜೆಂಟಿಲ್ಲ, ಜನವರಿಗೆ ಕೊಡಿ. ಇವರು ಏನು ಮಾಡುತ್ತಿದ್ದಾರೆಂದು ಎರಡನೆಯವರು ಬಂದಾಗಲೇ ನನಗೆ ಅರ್ಥವಾಯಿತು. ಅದಕ್ಕೇ ಒಂದೊಂದನ್ನೂ ತೂಗುಹಾಕಿ ಪರೀಕ್ಷಿಸಿದೆ. ದೋಷವಿಲ್ಲದ್ದಕ್ಕೆ ರಿಪೇರಿ ಚೀಟಿ ಹರಿದರೆ ಅದು ಹುಸಿ ತೂಕವೇ. ದೋಷ ಎಲ್ಲದರಲ್ಲೂ ಇತ್ತು. ಸೊಪ್ಪಿನ ಅಜ್ಜಿಯದರಲ್ಲಿ ಮಾತ್ರ ಇರಲಿಲ್ಲ, ಇದಕ್ಕೇನೂ ಆಗಿಲ್ಲ, ತಗೊಂಡು ಹೋಗಿ ಎಂದು ಅವಳ ಕೈಗೇ ಕೊಟ್ಟೆ. ಅಜ್ಜಿ ಅದನ್ನು ತಲೆಯ ಮಟ್ಟಕ್ಕೆ ಎತ್ತಿ ಅಂಗಡಿಯ ಕಲ್ಲಿನ ಮೇಲೆ ಬಿಟ್ಟಳು.

“ಈಗ ಆಯ್ತಲ್ಲ. ಬರ್ಕೋ.”

ತಟ್ಟೆ ನಿಜವಾಗಿಯೂ ನೆಗ್ಗಿತ್ತು. ಬರೆದುಕೊಂಡೆ. ನಿಮ್ಮಣ್ಣ ಹೋದ ಮೇಲೆ ನಾನು ಅವತ್ತೇ ಮೊದಲು ನಕ್ಕದ್ದು.

ನಮ್ಮ ಅಂಗಡಿಯ ಚೀಟಿ ನಿನಗೆ ನೆನಪಿದೆಯಲ್ಲ. ನಡುವೆ ಹರಿದು ಒಂದರ್ಧ ಗಿರಾಕಿಗೆ, ಒಂದರ್ಧ ತಕ್ಕಡಿಯ ಕೊಂಡಿಗೆ. ತಾರೀಕು ಬರೆಯದೆ ಚೀಟಿ ಹರಿಯಬೇಡ ಎಂದು ನಿಮ್ಮಣ್ಣ ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ಹತ್ತೊಂಬತ್ತು ತಕ್ಕಡಿ, ಹತ್ತೊಂಬತ್ತು ಚೀಟಿ, ಜನವರಿ ಎರಡರಿಂದ ಇಪ್ಪತ್ತರ ತನಕ ದಿನಕ್ಕೊಂದು. ಎರಡನೆಯ ಸಲದ ಅರ್ಜಿಯಲ್ಲಿ ಸಂಬಂಧಿಕರ ಪ್ರಶ್ನೆಗೆ ಮೊದಲಿನ ಹಾಗೆಯೇ ಬರೆದೆ. ಅದೇ ಕನ್ನಡಕದ ಅಧಿಕಾರಿ. ಅವನು ಕೇಳುವ ಮೊದಲೇ ಹತ್ತೊಂಬತ್ತು ಅರ್ಧಗಳನ್ನೂ ಗಾಜಿನ ಕೆಳಗಿನಿಂದ ತಳ್ಳಿದೆ. ಇದೇನು ಎಂದ. ಹುಡುಗಿಗೆ ಹೇಳಿದೆ:

“ಹತ್ತೊಂಬತ್ತು ಜನರ ತಕ್ಕಡಿ ನನ್ನ ಅಂಗಡೀಲಿದೆ. ಅದರ ಮೇಲೆ ತಾರೀಕಿದೆ. ನಮ್ಮಂಗಡೀಲಿ ಇವತ್ತಿನವರೆಗೂ ತಾರೀಕು ತಪ್ಪಿಲ್ಲ ಅಂತ ಹೇಳಮ್ಮ.”

ಅವನು ಚೀಟಿಗಳನ್ನು ಒಂದೊಂದಾಗಿ ನೋಡಿದ. ಅವನಿಗೆ ಕನ್ನಡ ಓದಲು ಬಾರದು, ಅಂಕಿ ಮಾತ್ರ ಓದಿದ. ಲೈಸೆನ್ಸ್ ನೋಡಿದ. ಒಂದು ಚೀಟಿ ಎತ್ತಿ, ಇದು ಯಾರದು ಎಂದು ಕೇಳಿದ. ಸೊಪ್ಪಿನ ಅಜ್ಜಿಯದು. ಆದದ್ದನ್ನು ಆದ ಹಾಗೆ ಹೇಳಿದೆ, ಎತ್ತಿ ಹಾಕಿದ್ದನ್ನೂ ಸೇರಿಸಿ. ಹುಡುಗಿ ಅರ್ಧ ದಾಟಿಸುವಷ್ಟರಲ್ಲಿ ಅವಳಿಗೇ ನಗು ತಡೆಯಲಾಗಲಿಲ್ಲ.

ವೀಸಾ ಬಂದಿದೆ. ತೊಂಬತ್ತು ದಿನ. ಮಿಕ್ಕ ತೊಂಬತ್ತನ್ನು ಅಲ್ಲಿಯೇ ಕೇಳೋಣ. ಜುಲೈ ಹನ್ನೊಂದಕ್ಕೆ ಬರುತ್ತೇನೆ. ಡಾಕ್ಟರಿಗೆ ಮನೆಯಲ್ಲಿ ಜನ ಇದ್ದಾರೆ ಎಂದು ಹೇಳು.

ನಿನ್ನ ಅತ್ತಿಗೆ


ಡಿಸೆಂಬರ್ ೨೮
(ಕಿಟಕಿಯ ಪಕ್ಕದ ಮಂಚದ ಮೇಲೆ ಇಟ್ಟದ್ದು)

ಕಾಲುಕೇಜಿಗೆ,

ನೀನು ಬಾಗಿಲ ತನಕ ಬರುವುದು ಬೇಡವೆಂದು ಕೆಲಸಕ್ಕೆ ಕಳಿಸಿದ್ದೇನೆ. ಟ್ರಾಮಿಗೆ ಇನ್ನೂ ನಲವತ್ತು ನಿಮಿಷವಿದೆ. ಎದುರಿಗೆ ಕೂತು ಐದೂವರೆ ತಿಂಗಳು ಮಾತಾಡಿದ ಮೇಲೂ ಕಾಗದದಲ್ಲೇ ಹೇಳುವುದು ಸುಲಭವೆನಿಸುತ್ತದೆ.

ನಿನ್ನ ಕಾಲುಗಳ ಬಗ್ಗೆ ನಿನಗೇ ಗೊತ್ತು. ಹೋದ ವಾರ ನಾಲ್ಕು ಮಹಡಿ ಹತ್ತಿದಾಗ ಕೆಳಗಿನ ಮುದುಕ, ಗಡಿಯಾರ ಕೆಟ್ಟಿದೆಯಾ ಎಂದು ಕೇಳಿದ್ದನ್ನು ದಿನಚರಿಯಲ್ಲಿ ಬರೆದುಕೊಂಡಿದ್ದೇನೆ.

ಅಕ್ಟೋಬರಿನಲ್ಲಿ ನನ್ನ ತೊಂಬತ್ತು ದಿನ ಹೆಚ್ಚಿಸಲು ಆ ಕಚೇರಿಗೆ ಹೋದದ್ದು ನನಗೆ ಮರೆಯುವುದಿಲ್ಲ. ನೀನು ಊರುಗೋಲು ಹಿಡಿದು ನನ್ನ ಹಿಂದೆ ನಿಂತಿದ್ದೆ. ಎರಡು ವರ್ಷವಾಗುತ್ತ ಬಂತು, ಆ ಬಾಗಿಲ ಕಡೆ ನೋಡಿಲ್ಲ ಎಂದು ನೀನು ಹೇಳಿದೆ. ನನ್ನ ಕೆಲಸ ಹತ್ತು ನಿಮಿಷದಲ್ಲಿ ಮುಗಿಯಿತು. ಅದೇ ಕೌಂಟರಿನಲ್ಲಿ ನಿನ್ನ ರಸೀದಿ ಇಡು ಎಂದೆ. ನೀನು ಮಡಿಕೆ ಬಿಡಿಸಿ ಇಟ್ಟೆ. ಆ ಹೆಂಗಸು ನೋಡಿ ಏನು ಹೇಳಿದಳು? ಹಳೆಯ ಮನೆಯ ವಿಳಾಸಕ್ಕೆ ಎರಡು ಸಲ ಪತ್ರ ಹಾಕಿದ್ದೇವೆ, ಉತ್ತರ ಬಂದಿಲ್ಲ ಎಂದಳು. ಮನೆ ಬದಲಾಯಿಸಿದ್ದನ್ನು ಹೇಳಿದರೆ ಕಡತ ತೆಗೆದು ದೇಶದಿಂದಲೇ ವಾಪಸ್ ಕಳಿಸಿಬಿಡುತ್ತಾರೆಂದು ಹೆದರಿ ನೀನು ಹೇಳಿರಲಿಲ್ಲ. ಹೆದರಿ ಹೆದರಿ ನಿನ್ನ ಕಡತವನ್ನು ನೀನೇ ಮಲಗಿಸಿದ್ದೆ. ಅವತ್ತು ಬಯ್ಯಬೇಕೆನಿಸಿತು. ಮೆಟ್ಟಿಲಿಳಿಯುವಾಗ ನೀನು ನನ್ನ ತೋಳು ಹಿಡಿದೆ, ಬಯ್ಗುಳ ಅಲ್ಲೇ ಉಳಿಯಿತು.

ದಿಂಬಿನ ಕೆಳಗೆ ಒಂದು ಅರ್ಧ ಚೀಟಿ ಇಟ್ಟಿದ್ದೇನೆ. ಅಂಗಡಿಯ ಪುಸ್ತಕದಿಂದಲೇ ಹರಿದದ್ದು, ಬರುವಾಗ ತಂದಿದ್ದೆ. ನೀನು ಆರು ವರ್ಷದವಳಿದ್ದಾಗ ನಿಮ್ಮಣ್ಣ ಮಾಡಿಕೊಟ್ಟ ಹಿತ್ತಾಳೆಯ ಚಿಕ್ಕ ತಕ್ಕಡಿ, ಅದರಲ್ಲಿ ನೀನು ಇರುವೆಗಳನ್ನು ತೂಗುತ್ತಿದ್ದೆಯಂತೆ, ಅದು ಮೇ ತಿಂಗಳಲ್ಲಿ ಅಂಗಡಿ ಗುಡಿಸುವಾಗ ಸಿಕ್ಕಿತು. ಎಡತಟ್ಟೆಯ ಸರಪಳಿ ತುಂಡಾಗಿದೆ. ನಿನಗೆಂದು ತರಬಹುದಿತ್ತು. ಬೇಕೆಂದೇ ತರಲಿಲ್ಲ.

ಚೀಟಿಯಲ್ಲಿ ಹೀಗೆ ಬರೆದಿದೆ, ನನ್ನ ಕೈಬರಹ ನಿನಗೆ ತಿಳಿಯದಿದ್ದರೆ ಎಂದು ಇಲ್ಲಿಯೂ ಬರೆಯುತ್ತೇನೆ. ಸಾಮಾನು: ಹಿತ್ತಾಳೆ ತಕ್ಕಡಿ, ಚಿಕ್ಕದು. ದೋಷ: ಸರಪಳಿ. ಮಾಲೀಕರು: ಕಾಲುಕೇಜಿ. ಕೊಡುವ ತಾರೀಕು: ಸೆಪ್ಟೆಂಬರ್ ೩೦.

ತಾರೀಕನ್ನು ಯಾವ ಲೆಕ್ಕದ ಮೇಲೆ ಹಾಕಿದೆ ಎಂದು ಕೇಳಬೇಡ. ತಾರೀಕು ಇಲ್ಲದ ಕಾಗದ ಇಟ್ಟುಕೊಂಡು ಆರು ವರ್ಷ ಕೂತೆಯಲ್ಲ, ಒಂದರಲ್ಲಾದರೂ ಇರಲಿ.

ಅತ್ತಿಗೆ


ಏಪ್ರಿಲ್ ೧೫

ಅತ್ತಿಗೆ,

ನನ್ನ ರಸೀದಿಯ ಮೇಲೆ ವಿಚಾರಣೆಗೆ ಕರೆದಿದ್ದರು. ಹೋದ ವಾರ ಹೋಗಿ ಬಂದೆ. ನಡೆದುಕೊಂಡೇ ಹೋದೆ. ತೀರ್ಮಾನ ಇನ್ನೂ ಹೇಳಿಲ್ಲ, ಅಂಚೆಯಲ್ಲಿ ಬರುತ್ತದಂತೆ, ಈ ಸಲ ಸರಿಯಾದ ವಿಳಾಸಕ್ಕೆ.

ಅಲ್ಲಿ ಇನ್ನೊಂದು ಫಾರಮ್ಮು ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. ತೀರ್ಮಾನಕ್ಕೆ ಕಾಯುವವರು ಒಂದು ಸಲ ದೇಶ ಬಿಟ್ಟು ಹೋಗಿ ಬರಲು ಅನುಮತಿ ಕೇಳುವ ಫಾರಮ್ಮು. ಅವತ್ತು ಬೆಂಚಿನ ಮೇಲೆ ಕೂತಿದ್ದಾಗ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಇದನ್ನು ತಿಳಿದ ಮೇಲೆ ಮೂರು ದಿನ ಊಟ ಸೇರಲಿಲ್ಲ ಅತ್ತಿಗೆ. ನಾಲ್ಕನೆಯ ದಿನ ತುಂಬಿದೆ.

ಪ್ರಯಾಣದ ಕಾರಣ ಎನ್ನುವಲ್ಲಿ, ರಿಪೇರಿಗೆ ಕೊಟ್ಟ ನನ್ನ ತಕ್ಕಡಿಯನ್ನು ತರಲು ಎಂದು ಬರೆದೆ. ಇಲ್ಲಿ ಬಡವರಿಗೆ ಕಾಗದ ಬರೆದುಕೊಡುವ ಒಬ್ಬರಿದ್ದಾರೆ, ಅವರು ಓದಿ, ಇದನ್ನ ಯಾರಮ್ಮ ಕಾರಣ ಅಂತ ಒಪ್ತಾರೆ, ಕುಟುಂಬದವರನ್ನ ನೋಡೋಕೆ ಅಂತ ಹಾಕು ಎಂದರು. ಎರಡೂ ಒಂದೇ ಎಂದೆ. ಕೊನೆಗೆ ಎರಡನ್ನೂ ಹಾಕಿದ್ದೇವೆ, ಚೀಟಿಯ ಪ್ರತಿಯನ್ನೂ ಲಗತ್ತಿಸಿದ್ದೇವೆ.

ಕೊಡದಿದ್ದರೆ ಮತ್ತೆ ಹಾಕುತ್ತೇನೆ.

ಕಾಲುಕೇಜಿ


ಮೇ ೩

ಕಾಲುಕೇಜಿಗೆ,

ನಿನ್ನ ಕಾಗದ ಬಂತು. ನಿಮ್ಮಣ್ಣನ ಫೋಟೋದ ಮುಂದೆ ಒಂದು ಸಲ ಗಟ್ಟಿಯಾಗಿ ಓದಿದೆ. ಆ ಬೆಂಚಿನ ವಿಷಯವನ್ನೂ ಓದಿದೆ. ಅವರಿಗೂ ಗೊತ್ತಾಗಲಿ.

ಇಲ್ಲಿ ಹತ್ತೊಂಬತ್ತು ತಕ್ಕಡಿಗಳೂ ಜನವರಿಯಲ್ಲಿ ಅದರದರ ತಾರೀಕಿಗೇ ಹೋದವು. ಸೊಪ್ಪಿನ ಅಜ್ಜಿ ತಟ್ಟೆಯನ್ನು ತಿರುವಿ ತಿರುವಿ ನೋಡಿ, ನೆಗ್ಗಿದ್ದು ಇನ್ನೂ ಕಾಣತ್ತೆ ಎಂದು ತಕರಾರು ತೆಗೆದಳು. ಎತ್ತಿ ಹಾಕಿದವರು ಯಾರು ಎಂದೆ. ಅದಕ್ಕೇನೀಗ ಎಂದಳು.

ನಿನ್ನ ತಕ್ಕಡಿಯ ಸರಪಳಿ ಕಟ್ಟಿದ್ದೇನೆ. ಮುಳ್ಳು ಕೂದಲಿನಷ್ಟು ಬಲಕ್ಕೆ ವಾಲುತ್ತಿತ್ತು, ಅದನ್ನೂ ಸರಿಮಾಡಿದೆ. ನಮ್ಮ ಅರ್ಧ ಚೀಟಿಯನ್ನು ಕೊಂಡಿಗೆ ಕಟ್ಟಿ ಮೇಲಿನ ಹಲಗೆಯ ಮೇಲೆ ಇಟ್ಟಿದ್ದೇನೆ, ಕೂತಲ್ಲಿಂದ ಕಾಣುತ್ತದೆ. ಪೋಸ್ಟಿನಲ್ಲಿ ಕಳಿಸು ಎಂದು ಬರೆದರೆ ಕಳಿಸುವುದಿಲ್ಲ. ಬರುವವರ ಕೈಯಲ್ಲೂ ಕೊಡುವುದಿಲ್ಲ. ಮಾಲೀಕರೇ ಬಂದು, ತಮ್ಮ ಅರ್ಧ ತೋರಿಸಿ ತೆಗೆದುಕೊಂಡು ಹೋಗಬೇಕು.

ಸೆಪ್ಟೆಂಬರ್ ದಾಟಿದರೆ ಹೆದರಬೇಡ. ಗಿರಾಕಿ ಬರುವುದು ತಡವಾಯಿತೆಂದು ಈ ಅಂಗಡಿಯಲ್ಲಿ ಒಬ್ಬರ ತಕ್ಕಡಿಯನ್ನು ಇನ್ನೊಬ್ಬರಿಗೆ ಕೊಟ್ಟದ್ದಿಲ್ಲ. ಬಾಗಿಲು ಒಂಬತ್ತಕ್ಕೆ ತೆಗೆಯುತ್ತೇನೆ. ಪೂರ್ತಿ ತೆಗೆಯುತ್ತೇನೆ.

ಅತ್ತಿಗೆ